ಕಳಚಿ ಬಿದ್ದ ಹಲ್ಲನ್ನು ಹೂಳಬೇಡಿ, ಹಾಲಿಗೆ ಹಾಕಿ

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಶರೀರದ ಹಕ್ಕುಗಳ ಬಗ್ಗೆ ಮಾತನಾಡುವಾಗ ಹಲ್ಲಿನ ವಿಷಯವನ್ನು ಅರ್ಧ ಹೇಳಿ ನಿಲ್ಲಿಸಿದ್ದೆ. ನಮಾಝಿನ ನಂತರ ನಾಲ್ಕೈದು ಮಂದಿ ಬಂದು, "ಉಸ್ತಾದ್, ಹಾಲಿನ ವಿಷಯ ಏನೋ ಹೇಳಿದಿರಲ್ಲ, ಅದನ್ನು ಸರಿಯಾಗಿ ಬರೆದುಕೊಡಿ, ಮನೆಯಲ್ಲಿ ಹೆಂಗಸರು ಓದಲಿ" ಎಂದರು. ಹಾಗಾಗಿ ಈ ಸಲ ಖುತ್ಬಾದ ಸಾರಾಂಶಕ್ಕೆ ಬದಲಾಗಿ ಈ ಲೇಖನ. ಇದರಲ್ಲಿರುವ ವೈದ್ಯಕೀಯ ಮಾತುಗಳನ್ನು ನಮ್ಮ ಜಮಾಅತಿನ ಒಬ್ಬ ದಂತ ವೈದ್ಯೆಯಿಂದ ಕೇಳಿ ತಿಳಿದುಕೊಂಡಿದ್ದೇನೆ. ತಪ್ಪು ಮಾಡಿದವನು ಮಾತ್ರ ನಾನೇ.

ಎರಡು ವರ್ಷಗಳ ಹಿಂದೆ ಮಗ್ರಿಬಿಗೆ ಸ್ವಲ್ಪ ಮುಂಚೆ ಮದ್ರಸಾದ ಮಕ್ಕಳು ವುಝೂ ಮಾಡಲು ನಳ್ಳಿಗಳ ಬಳಿಗೆ ಓಡಿದರು. ಒಂಬತ್ತು ವರ್ಷದ ಹುಡುಗನೊಬ್ಬ ಒದ್ದೆ ನೆಲದಲ್ಲಿ ಜಾರಿ, ಕುಳಿತುಕೊಳ್ಳುವ ಸಿಮೆಂಟ್ ಕಟ್ಟೆಗೆ ಮುಖ ಬಡಿದುಕೊಂಡ. ಬಾಯಿ ತುಂಬ ರಕ್ತ. ಮೇಲಿನ ಸಾಲಿನ ಮುಂದಿನ ದೊಡ್ಡ ಹಲ್ಲೊಂದು ಬೇರು ಸಮೇತ ಕಳಚಿ ನೆಲದ ಮೇಲೆ ಬಿದ್ದಿತ್ತು. ನಾನು ಮೊದಲು ಹುಡುಗನ ಬಾಯಿ ತೊಳೆಸಿ, ಕರವಸ್ತ್ರ ಒತ್ತಿ ಹಿಡಿಸಿದೆ. ಅಷ್ಟು ಸರಿಯಾಗಿತ್ತು. ಆಮೇಲೆ ಹಲ್ಲನ್ನು ಎತ್ತಿಕೊಂಡೆ. ಅದರ ಬೇರಿಗೆ ರಕ್ತವೂ ಮಾಂಸದ ತೆಳು ಎಳೆಗಳೂ ಅಂಟಿಕೊಂಡಿದ್ದವು. ಶುದ್ಧ ಮಾಡಿ ಕೊಡೋಣ ಎಂದು ನಳ್ಳಿಯ ಕೆಳಗೆ ಹಿಡಿದು, ಸಾಬೂನು ಹಚ್ಚಿ, ಉಗುರಿನಿಂದ ಕೆರೆದು, ಬೆಳ್ಳಗೆ ಹೊಳೆಯುವ ಹಾಗೆ ತೊಳೆದೆ. ಟಿಶ್ಯೂ ಕಾಗದದಲ್ಲಿ ಸುತ್ತಿ ಹುಡುಗನ ತಂದೆಯ ಕೈಗೆ ಕೊಟ್ಟೆ. ಮನೆಯಲ್ಲಿ ಅಜ್ಜಿ ಅದನ್ನು ಆ ರಾತ್ರಿಯೇ ಬಿಸ್ಮಿಲ್ಲಾ ಹೇಳಿ ಮಲ್ಲಿಗೆ ಗಿಡದ ಬುಡದಲ್ಲಿ ಹೂತರು. ಉಗುರು, ಕೂದಲು, ಉದುರಿದ ಹಲ್ಲು ಇವುಗಳನ್ನು ಕಸಕ್ಕೆ ಎಸೆಯದೆ ಹೂಳುವುದು ನಮ್ಮ ಹಿರಿಯರ ಕ್ರಮವಲ್ಲವೇ?

ಮರುದಿನ ಬೆಳಿಗ್ಗೆ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ಹಲ್ಲೆಲ್ಲಿ?" ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಉಸ್ತಾದ್, ನೀವು ಕೆರೆದು ತೆಗೆದದ್ದು ಕೊಳೆಯಲ್ಲ. ಆ ಹಲ್ಲನ್ನು ಮತ್ತೆ ಹಿಡಿದುಕೊಳ್ಳಬೇಕಾಗಿದ್ದದ್ದೇ ಅದು" ಎಂದರು.

ವಿಷಯ ಹೀಗಿದೆ. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ದವಡೆಯ ಎಲುಬಿನಲ್ಲಿ ನೇರವಾಗಿ ಕೂತಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಕೂದಲೆಳೆಗಿಂತ ಸ್ವಲ್ಪ ದಪ್ಪದ ಒಂದು ಪೊರೆಯಿದೆ. ಅದರ ನಾರುಗಳು ಒಂದು ಕಡೆ ಬೇರನ್ನೂ ಇನ್ನೊಂದು ಕಡೆ ಎಲುಬನ್ನೂ ಹಿಡಿದು, ಹಲ್ಲನ್ನು ತೊಟ್ಟಿಲಿನ ಹಾಗೆ ತೂಗಿಸಿಕೊಂಡಿರುತ್ತವೆ. ಗಟ್ಟಿ ಪದಾರ್ಥ ಕಚ್ಚಿದಾಗ ಹಲ್ಲು ಒಂದಿಷ್ಟು ಕುಸಿದು ಮತ್ತೆ ಮೇಲೆ ಬರುವುದು ಈ ಪೊರೆಯಿಂದ. ಪೆಟ್ಟು ಬಿದ್ದು ಹಲ್ಲು ಕಳಚಿದಾಗ ಪೊರೆ ನಡುವಿನಲ್ಲಿ ಹರಿದು, ಅರ್ಧ ಗುಳಿಯಲ್ಲಿ ಉಳಿಯುತ್ತದೆ, ಅರ್ಧ ಬೇರಿಗೆ ಅಂಟಿಕೊಂಡು ಬರುತ್ತದೆ. ಆ ಅರ್ಧ ಭಾಗದಲ್ಲಿರುವ ಜೀವಕೋಶಗಳು ಬದುಕಿರುವಾಗಲೇ ಹಲ್ಲನ್ನು ಅದರ ಗುಳಿಗೆ ಮರಳಿಸಿದರೆ ಎರಡೂ ಅರ್ಧಗಳು ಮತ್ತೆ ಕೂಡಿಕೊಳ್ಳುತ್ತವೆ. ಕೋಶಗಳು ಒಣಗಿ ಸತ್ತರೆ ಹಲ್ಲನ್ನು ಇಟ್ಟರೂ ಎಲುಬು ನೇರವಾಗಿ ಬೇರಿಗೆ ಅಂಟಿ, ವರ್ಷಗಳು ಕಳೆದಂತೆ ಅದನ್ನು ಕರಗಿಸುತ್ತಾ ಬರುತ್ತದೆ.

ನೆಲದ ಮೇಲೆ ಬಿದ್ದ ಹಲ್ಲು ಸತ್ತ ವಸ್ತುವಲ್ಲ ಎಂಬುದೇ ನಮಗೆ ಗೊತ್ತಿಲ್ಲದ ವಿಷಯ. ಅದು ನೀರಿನಿಂದ ತೆಗೆದ ಮೀನಿನಂತೆ. 15 ನಿಮಿಷದೊಳಗೆ ಗುಳಿಗೆ ಮರಳಿದರೆ ಕೋಶಗಳು ಬಹುತೇಕ ಉಳಿಯುತ್ತವೆ. ಒಣಗಿಯೇ 60 ನಿಮಿಷ ಕಳೆದರೆ ಉಳಿಯುವ ಆಸೆ ಇಲ್ಲ. ನಮ್ಮ ಊರುಗಳಿಂದ ಪೇಟೆಯ ದಂತ ಚಿಕಿತ್ಸಾಲಯ ತಲುಪಲು, ಬಸ್ಸು ಕಾದು, ಸರತಿಯಲ್ಲಿ ಕೂತು, ಎಷ್ಟು ಹೊತ್ತಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಆದ್ದರಿಂದ ಹಲ್ಲು ಉಳಿಯುವುದು ಅಥವಾ ಹೋಗುವುದು ಹೆಚ್ಚಾಗಿ ವೈದ್ಯರ ಕೈಯಲ್ಲಿಲ್ಲ. ಬಿದ್ದ ಜಾಗದಲ್ಲಿ ಪಕ್ಕದಲ್ಲಿ ನಿಂತಿರುವವರ ಕೈಯಲ್ಲಿದೆ. ಅದು ತಾಯಿಯಾಗಿರಬಹುದು, ಕ್ರಿಕೆಟ್ ಆಡುತ್ತಿರುವ ಅಣ್ಣನಾಗಿರಬಹುದು, ಮದ್ರಸಾದ ಉಸ್ತಾದ್ ಆಗಿರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಹುಡುಗನನ್ನು ನೋಡಿ, ಆಮೇಲೆ ಹಲ್ಲನ್ನು. ಪ್ರಜ್ಞೆ ತಪ್ಪಿದ್ದರೆ, ಪದೇಪದೇ ವಾಂತಿಯಾಗುತ್ತಿದ್ದರೆ, ತೊದಲುತ್ತಿದ್ದರೆ, ಕಿವಿ ಮೂಗಿನಿಂದ ನೀರಿನಂತಹ ದ್ರವ ಸುರಿಯುತ್ತಿದ್ದರೆ ಅದು ತಲೆಯ ಪೆಟ್ಟು. 108ಕ್ಕೆ ಕರೆ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಾಯಿ ಮುಚ್ಚಿದಾಗ ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲವಾದರೆ ದವಡೆ ಮುರಿದಿರಬಹುದು. ಅದಕ್ಕೂ ಆಸ್ಪತ್ರೆಯೇ. ಇವು ಯಾವುದೂ ಇಲ್ಲವೆಂದಾದರೆ ಮಗುವನ್ನು ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಶುದ್ಧ ಬಟ್ಟೆಯನ್ನು ರಕ್ತ ಬರುವ ಜಾಗಕ್ಕೆ ಒತ್ತಿಸಿ. ತುಟಿಗೆ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ತುಟಿ, ನಾಲಗೆ ಹರಿದರೆ ರಕ್ತ ಬಹಳ ಬಂದಂತೆ ಕಾಣುತ್ತದೆ, ಎಂಜಲಿನೊಂದಿಗೆ ಬೆರೆಯುವುದರಿಂದ. ಹೆದರಬೇಕಿಲ್ಲ. ಆದರೆ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿದರೂ ನಿಲ್ಲದಿದ್ದರೆ ಹೊಲಿಗೆ ಬೇಕಾಗುತ್ತದೆ.

ಈಗ ಹಲ್ಲು. ಅದನ್ನು ಬೆಳ್ಳಗಿನ ಭಾಗದಲ್ಲಿ, ಅಂದರೆ ಬಾಯಿಯಲ್ಲಿ ಹೊರಗೆ ಕಾಣುವ ಭಾಗದಲ್ಲಿ ಹಿಡಿದು ಎತ್ತಿ. ಬೇರನ್ನು ಮುಟ್ಟಲೇಬೇಡಿ. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಅಥವಾ ಸಲೈನಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಅವು ಇಲ್ಲದಿದ್ದರೆ ತಣ್ಣೀರಿನ ಕೆಳಗೆ ಒಂದು ಕ್ಷಣ ಹಿಡಿದರೂ ಸಾಕು, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಉಜ್ಜಬಾರದು, ಒರೆಸಬಾರದು, ಸಾಬೂನು, ಡೆಟ್ಟಾಲ್, ಉಪ್ಪು, ಅರಿಸಿನ ಯಾವುದೂ ಬೇಡ. ಮೂರು ಸಲ ತೊಳೆದು ಪಾಕ ಮಾಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಒಳ್ಳೆಯದು, ಅಲ್ಲೇ, ಆಗಲೇ ಹಲ್ಲನ್ನು ಅದರ ಗುಳಿಗೆ ಮರಳಿಸುವುದು. ಕೇಳಿದಾಗ ನನಗೂ ಮೈ ಜುಂ ಎಂದಿತು. ಆದರೆ ಪೆಟ್ಟಾದ ಹೊಸತರಲ್ಲಿ ಆ ಜಾಗ ಮರಗಟ್ಟಿದಂತಿದ್ದು, ನಾವು ಎಣಿಸಿದಷ್ಟು ನೋವಾಗುವುದಿಲ್ಲವಂತೆ. ಪಕ್ಕದ ಹಲ್ಲನ್ನು ನೋಡಿ, ಹಿಂದು ಮುಂದು ಸರಿಯಾಗಿ ತಿರುಗಿಸಿ, ಮೆಲ್ಲಗೆ ಬೆರಳಿನಿಂದ ಒತ್ತಿ ಕೂರಿಸಬೇಕು. ಸರಿಯಾಗಿ ಹೋಗದಿದ್ದರೆ ಬಲ ಹಾಕಬಾರದು. ಕೂತರೆ ಮಡಚಿದ ಕರವಸ್ತ್ರ ಕಚ್ಚಿ ಹಿಡಿದುಕೊಂಡು ಹೊರಡುವುದು.

ಧೈರ್ಯ ಬರದಿದ್ದರೆ ಅಥವಾ ಮಗು ಒಪ್ಪದಿದ್ದರೆ ಹಾಲು. ತಣ್ಣಗಿನ, ಸಕ್ಕರೆ ಹಾಕದ ಸಾದಾ ಹಾಲು. ಬಿಸಿ ಹಾಲಲ್ಲ, ಮಜ್ಜಿಗೆಯಲ್ಲ, ಚಹಾದ ಹಾಲಲ್ಲ. ಮೂಲೆಯ ಅಂಗಡಿಯಲ್ಲಿ ಸಿಗುವ ನಂದಿನಿ ಪ್ಯಾಕೆಟ್ ಕತ್ತರಿಸಿ ಒಂದು ಲೋಟಕ್ಕೆ ಹೊಯ್ದು ಹಲ್ಲು ಮುಳುಗಿಸಿದರೆ ಆಯಿತು. ಹಾಲಿನ ಉಪ್ಪಿನಂಶ ಮತ್ತು ಸಾಂದ್ರತೆ ನಮ್ಮ ಜೀವಕೋಶಗಳಿಗೆ ಹೊಂದುತ್ತದೆ. ಸಾದಾ ನೀರಿನಲ್ಲಿ ಕೋಶಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಬಾವಿ ನೀರು ಎಷ್ಟು ಶುದ್ಧವಾಗಿದ್ದರೂ ಇದೇ ಮಾತು. ಆದರೂ ಒಣಗಲು ಬಿಡುವುದಕ್ಕಿಂತ ನೀರು ವಾಸಿ. ಹಾಲು ಸಿಗದ ಜಾಗದಲ್ಲಿ ಮಗುವಿನದೇ ಎಂಜಲನ್ನು ಲೋಟಕ್ಕೆ ಉಗುಳಿಸಿ ಅದರಲ್ಲಿ ಹಲ್ಲನ್ನು ಇಡಬಹುದು. ದೊಡ್ಡವರಾದರೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡೇ ಬರಬಹುದು. ಸಣ್ಣ ಮಕ್ಕಳಿಗೆ ಹೀಗೆ ಮಾಡಬೇಡಿ, ನುಂಗಿಬಿಡುತ್ತಾರೆ. ಎಳನೀರಿನ ಬಗ್ಗೆಯೂ ಅಧ್ಯಯನಗಳು ನಡೆದಿವೆ, ಕರಾವಳಿಯವರು ನನ್ನನ್ನು ಕೇಳಿಯೇ ಕೇಳುತ್ತಾರೆ. ಹಾಲು ಸಿಗುವಲ್ಲಿ ಹಾಲೇ ಇರಲಿ.

ಹಾಲಿನಲ್ಲಿ ಹಾಕಿದ್ದೇವೆ, ನಾಳೆ ಹೋದರಾಯಿತು ಎಂದು ಕೂರಬಾರದು. ಆ ಕೂಡಲೇ ಹೊರಡಬೇಕು. ಹೊತ್ತು ಮೀರಿತು ಎಂದು ಹಲ್ಲನ್ನು ಎಸೆಯಲೂ ಬೇಡಿ. ತಡವಾಗಿ ಇಟ್ಟ ಹಲ್ಲು ಜೀವನಪೂರ್ತಿ ಇರದಿದ್ದರೂ ಬೆಳೆಯುವ ಮಗುವಿನ ದವಡೆಯ ಎಲುಬನ್ನು ಕೆಲವು ವರ್ಷ ಕಾಪಾಡಿಕೊಡುತ್ತದೆ.

ಇಲ್ಲೊಂದು ಮುಖ್ಯ ವಿನಾಯಿತಿ. ಹಾಲುಹಲ್ಲನ್ನು ಎಂದೂ ಮರಳಿ ಕೂರಿಸಬಾರದು. ಅದರ ಮೇಲೆಯೇ, ಎಲುಬಿನೊಳಗೆ, ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುತ್ತದೆ. ಒತ್ತಿದರೆ ಅದು ಹಾಳಾಗುತ್ತದೆ. ಗುರುತಿಸುವುದು ಹೇಗೆ? ಮುಂದಿನ ಕೆಳಗಿನ ಶಾಶ್ವತ ಹಲ್ಲುಗಳು 6-7 ವರ್ಷಕ್ಕೆ, ಮೇಲಿನ ಎರಡು ದೊಡ್ಡವು 7-8 ವರ್ಷಕ್ಕೆ ಬರುತ್ತವೆ. ಐದು ವರ್ಷದ ಮಗುವಿನದಾದರೆ ಹಾಲುಹಲ್ಲೇ, ಅದನ್ನು ಅಜ್ಜಿ ಧಾರಾಳವಾಗಿ ಹೂಳಲಿ. ಅದಕ್ಕೂ ಮೊದಲು ವೈದ್ಯರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಶಾಶ್ವತ ಹಲ್ಲು ಗಾತ್ರದಲ್ಲಿ ದೊಡ್ಡದು, ಸ್ವಲ್ಪ ಹಳದಿ, ಹೊಸದಾಗಿ ಬಂದಿದ್ದರೆ ಅಂಚಿನಲ್ಲಿ ಗರಗಸದಂತೆ ಮೂರು ಉಬ್ಬುಗಳಿರುತ್ತವೆ. ಯಾವುದೆಂದು ಗೊತ್ತಾಗದಿದ್ದರೆ ಕೂರಿಸಬೇಡಿ, ಹಾಲಿನಲ್ಲಿ ಹಾಕಿ ಒಯ್ಯಿರಿ.

ಖುತ್ಬಾದ ನಂತರ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. "ದೇಹದಿಂದ ಬೇರ್ಪಟ್ಟದ್ದು ಮೃತ ವಸ್ತು, ನಜಸ್ ಅಲ್ಲವೇ? ಅದನ್ನು ಬಾಯಲ್ಲಿಟ್ಟುಕೊಂಡು ನಮಾಝ್ ಹೇಗೆ?" ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಇಮಾಮ್ ಶಾಫಿಈಯವರ 'ಅಲ್ ಉಮ್ಮ್' ಗ್ರಂಥದಲ್ಲೇ ಬಿದ್ದ ಹಲ್ಲನ್ನು ಮರಳಿ ಇಡಬಾರದೆಂಬ ಅಭಿಪ್ರಾಯವಿದೆ. ಆದರೆ ಅದೇ ಮದ್‌ಹಬಿನ ಇಮಾಮ್ ನವವಿಯವರು ಮನುಷ್ಯನಿಂದ ಬೇರ್ಪಟ್ಟ ಅಂಗ ಶುದ್ಧವೆಂಬುದನ್ನೇ ಹೆಚ್ಚು ಸರಿಯಾದ ಅಭಿಪ್ರಾಯವೆಂದು ಸ್ವೀಕರಿಸಿದ್ದಾರೆ. ಹನಫೀ ಇಮಾಮರಲ್ಲಿ ಅಬೂ ಯೂಸುಫರು ಮನುಷ್ಯ ತನ್ನದೇ ಹಲ್ಲನ್ನು ಮರಳಿ ಇಟ್ಟುಕೊಳ್ಳುವುದರಲ್ಲಿ ತಪ್ಪು ಕಾಣಲಿಲ್ಲ. ನಮ್ಮ ಕಾಲದಲ್ಲಿ, 1988ರಲ್ಲಿ, ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು ಒಬ್ಬನ ದೇಹದ ಭಾಗವನ್ನು ಅವನದೇ ದೇಹಕ್ಕೆ ಜೋಡಿಸುವುದನ್ನು, ಅದರಿಂದ ಆಗುವ ಪ್ರಯೋಜನ ಹಾನಿಗಿಂತ ಹೆಚ್ಚಾಗಿದ್ದರೆ, ಅನುಮತಿಸಿದೆ. ಹಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಫತ್ವಾ ಕೇಳಲು ಯಾರಿಗೂ ಕರೆ ಮಾಡುವ ಅಗತ್ಯವಿಲ್ಲ. ಆ 15 ನಿಮಿಷ ಅದಕ್ಕೆ ಇರುವುದಲ್ಲ.

ಉಹುದ್ ಯುದ್ಧದಲ್ಲಿ, ಹಿಜರಿ 3ರಲ್ಲಿ, ಪ್ರವಾದಿ(ಸ)ರ ಮುಂಭಾಗದ ಹಲ್ಲು ಮುರಿದು ಮುಖಕ್ಕೆ ಗಾಯವಾದದ್ದು ನಮಗೆಲ್ಲ ತಿಳಿದಿದೆ. ಅಲೀ(ರ) ಗುರಾಣಿಯಲ್ಲಿ ನೀರು ತಂದು ಸುರಿದರು, ಫಾತಿಮಾ(ರ) ರಕ್ತ ತೊಳೆದರು. ನೀರು ಹಾಕಿದಷ್ಟೂ ರಕ್ತ ಹೆಚ್ಚುವುದನ್ನು ಕಂಡು ಅವರು ಚಾಪೆಯ ತುಂಡನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದಾಗ ರಕ್ತ ನಿಂತಿತು. ನನಗೆ ಇದರಲ್ಲಿ ಕಾಣುವುದು ಆ ಮಹಿಳೆಯ ಗಮನ. ಮಾಡುತ್ತಿರುವುದು ಫಲಿಸುತ್ತಿಲ್ಲವೆಂದು ಕಂಡಾಗ ಕ್ರಮ ಬದಲಿಸಿದರು. ಇದನ್ನು ಓದಿ ಯಾರೂ ಬಾಯಿಗೆ ಬೂದಿ ಹಾಕಬಾರದು. ಕಾಫಿ ಪುಡಿಯೂ ಬೇಡ, ನಮ್ಮಲ್ಲಿ ಅದೊಂದು ರೋಗವೇ ಆಗಿದೆ. ಒಗೆದ ಬಟ್ಟೆಯನ್ನು ಒತ್ತಿ ಹಿಡಿಯುವುದಕ್ಕಿಂತ ಒಳ್ಳೆಯ ಔಷಧ ಮನೆಯಲ್ಲಿ ಬೇರೆ ಇಲ್ಲ.

ವೈದ್ಯರ ಬಳಿ ಹೋದಮೇಲೆ ಅವರು ಹಲ್ಲನ್ನು ಸರಿಯಾಗಿ ಕೂರಿಸಿ, ತೆಳು ತಂತಿಯಿಂದ ಪಕ್ಕದ ಹಲ್ಲುಗಳಿಗೆ ಸುಮಾರು ಎರಡು ವಾರ ಜೋಡಿಸುತ್ತಾರೆ. ಬೇರು ಪೂರ್ತಿ ಬೆಳೆದ ಹಲ್ಲಾದರೆ ಅದೇ ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡಬೇಕಾಗುತ್ತದೆ. ಇದನ್ನು ತಪ್ಪಿಸುವವರೇ ಹೆಚ್ಚು. ನೋವಿಲ್ಲವಲ್ಲ ಎಂದು ಎರಡನೇ ಸಲ ಹೋಗುವುದೇ ಇಲ್ಲ, ಆರು ತಿಂಗಳ ನಂತರ ಹಲ್ಲು ಕಪ್ಪಾದಾಗ ವೈದ್ಯರನ್ನು ದೂರುತ್ತಾರೆ. ಮಣ್ಣಿನಲ್ಲಿ ಬಿದ್ದದ್ದಾದರೆ ಟಿಟಿ ಚುಚ್ಚುಮದ್ದಿನ ಬಗ್ಗೆ ಕೇಳಿ. ಎರಡು ವಾರ ಗಂಜಿ, ಮೆತ್ತಗಿನ ಅನ್ನ, ಮೃದುವಾದ ಬ್ರಷ್.

ಹಲ್ಲು ಕಳಚದೆ ತುಂಡಾದರೆ ಆ ತುಂಡನ್ನು ಹುಡುಕಿ ಹಾಲಿನಲ್ಲೋ ನೀರಿನಲ್ಲೋ ಹಾಕಿ ಒಯ್ಯಿರಿ. ಎಷ್ಟೋ ಸಲ ಅದನ್ನೇ ಅಂಟಿಸಿಕೊಡುತ್ತಾರೆ. ತುಂಡು ಸಿಗದೆ, ತುಟಿಯೂ ಹರಿದಿದ್ದರೆ ತುಂಡು ತುಟಿಯೊಳಗೆ ಹೊಕ್ಕಿರಬಹುದು, ವೈದ್ಯರಿಗೆ ಹೇಳಿ. ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಕಂಡರೆ ನರ ತೆರೆದುಕೊಂಡಿದೆ ಎಂದರ್ಥ, ಅದೇ ದಿನ ಹೋಗಬೇಕು. ಹಲ್ಲು ಜಾಗ ಬಿಟ್ಟು ವಾಲಿದ್ದರೂ ಹಾಗೆಯೇ.

ಪೆಟ್ಟಿಲ್ಲದೆ ಬರುವ ಹಲ್ಲು ನೋವಿನ ಬಗ್ಗೆ ಎರಡು ಮಾತು. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವ ಹಳೆಯ ಅಭ್ಯಾಸ ಬಿಡಿ. ಆಸ್ಪಿರಿನ್‌ನಂಥವು ವಸಡನ್ನು ಸುಟ್ಟು ಬೆಳ್ಳಗೆ ಮಾಡುತ್ತವೆ. ನಶ್ಯ, ಹೊಗೆಸೊಪ್ಪು ಇಡುವುದಂತೂ ನೋವಿನ ಹೆಸರಿನಲ್ಲಿ ಚಟ ಅಂಟಿಸಿಕೊಳ್ಳುವುದು. ಮಾತ್ರೆ ನುಂಗಲು ಇರುವುದು, ಅದೂ ಮಕ್ಕಳಿಗೆ ಆಸ್ಪಿರಿನ್ ಬೇಡ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಎರಡು ಮಾತ್ರೆ ತಿಂದು ಸುಮ್ಮನಾಗುವುದೂ ತಪ್ಪು. ಕೆನ್ನೆ ಊದಿದಾಗ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಊತ ಗಲ್ಲದ ಕೆಳಗೆ, ಕುತ್ತಿಗೆಯ ಕಡೆಗೆ ಇಳಿಯುತ್ತಿದ್ದರೆ, ನಾಲಗೆಯ ಕೆಳಭಾಗ ಊದಿ ಎತ್ತರವಾಗಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ ಅದು ಹಲ್ಲು ನೋವಲ್ಲ, ಪ್ರಾಣಾಪಾಯ. ಕೀವು ಗಂಟಲಿನ ದಾರಿಯನ್ನೇ ಮುಚ್ಚಬಲ್ಲದು. ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಧುಮೇಹ ಇರುವವರ ಮನೆಯಲ್ಲಿ ಇದನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಲ್ಲ.

ಹಲ್ಲು ಕೀಳಿಸಿಕೊಂಡವರಿಗೆ ನಮ್ಮ ಸಮುದಾಯದಲ್ಲಿ ಒಂದು ಪ್ರತ್ಯೇಕ ತೊಂದರೆ ಇದೆ. ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಗಾಯವನ್ನು ಮುಚ್ಚುತ್ತದೆ. 24 ಗಂಟೆ ಅದನ್ನು ಕದಲಿಸಬಾರದು, ಅಂದರೆ ಬಾಯಿ ಮುಕ್ಕಳಿಸಬಾರದು, ಉಗುಳಬಾರದು. ನಾವಾದರೋ ಐದು ಹೊತ್ತು ವುಝೂವಿನಲ್ಲಿ ಬಾಯಿ ಮುಕ್ಕಳಿಸುತ್ತೇವೆ. ಹೆಪ್ಪು ಹೋದರೆ ಗುಳಿಯ ಎಲುಬು ಬರಿದಾಗಿ, ಮೂರನೆಯ ದಿನದಿಂದ ಕಿವಿಯವರೆಗೆ ಸೆಳೆಯುವ ನೋವು ಶುರುವಾಗುತ್ತದೆ. ಶಾಫಿಈ, ಹನಫೀ ಎರಡರಲ್ಲೂ ವುಝೂವಿನಲ್ಲಿ ಮುಕ್ಕಳಿಸುವುದು ಸುನ್ನತ್, ಫರ್ಝ್ ಅಲ್ಲ. ಒಂದು ದಿನ ಬಿಟ್ಟರೆ ವುಝೂ ಊರ್ಜಿತವೇ. ಕಡ್ಡಾಯ ಸ್ನಾನ ಬೇಕಾದ ಹನಫೀಗಳು ಬಾಯಿಗೆ ನೀರು ತುಂಬಿ, ಅಲ್ಲಾಡಿಸದೆ, ತಾನಾಗಿಯೇ ಹೊರಗೆ ಹರಿದು ಹೋಗುವಂತೆ ಬಿಟ್ಟರಾಯಿತು. ರಕ್ತ ಮತ್ತೆ ಬಂದರೆ ಶುದ್ಧ ಬಟ್ಟೆಯ ಉಂಡೆಯನ್ನು ಗುಳಿಯ ಮೇಲಿಟ್ಟು ಅರ್ಧ ಗಂಟೆ ಬಿಡದೆ ಕಚ್ಚಿ ಹಿಡಿಯಿರಿ. ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ನಿಲ್ಲುವುದಿಲ್ಲ.

ಇದೇ ಕಾರಣಕ್ಕೆ ರಮಝಾನಿನಲ್ಲಿ, ಕಾಯಬಹುದಾದ ಹಲ್ಲಾದರೆ, ಇಫ್ತಾರಿನ ನಂತರ ಕೀಳಿಸುವುದು ಒಳ್ಳೆಯದು. ಹಲ್ಲು ಕೀಳಿಸಿದ ಮಾತ್ರಕ್ಕೆ ಉಪವಾಸ ಮುರಿಯುವುದಿಲ್ಲ, ಬೇಕೆಂದು ರಕ್ತ ನುಂಗಿದರೆ ಮುರಿಯುತ್ತದೆ. ಆ ಭಯದಿಂದ ಉಗುಳುತ್ತಲೇ ಇರುತ್ತೇವೆ, ಉಗುಳಿದರೆ ರಕ್ತ ನಿಲ್ಲುವುದಿಲ್ಲ. ಆದರೆ ತುರ್ತು ಬಂದರೆ ಇಫ್ತಾರಿಗೆ ಕಾಯಬಾರದು. ಔಷಧ ನುಂಗಬೇಕಾಗಿ ಬಂದರೆ ಉಪವಾಸ ಬಿಟ್ಟು ನಂತರ ಕಝಾ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ರೋಗಿಗೆ ಕೊಟ್ಟಿದ್ದಾನೆ. ಮಗು ಹಾಲಿನ ಲೋಟ ಹಿಡಿದುಕೊಂಡು ಅಸರಿನಿಂದ ಮಗ್ರಿಬಿನವರೆಗೆ ಕೂತಿರಬೇಕೆಂದು ಯಾವ ಮಸ್‌ಅಲಾವೂ ಹೇಳುವುದಿಲ್ಲ.

ಆ ಹುಡುಗನ ವಿಷಯ ಕೇಳಿದಿರಿ. ಅವನಿಗೀಗ ಹನ್ನೊಂದು. ತೆಗೆದು ಹಾಕುವ ಒಂದು ಹಲ್ಲಿನ ಪ್ಲೇಟ್ ಕೊಟ್ಟಿದ್ದಾರೆ. ದವಡೆಯಲ್ಲಿ ಸ್ಕ್ರೂ ಕೂರಿಸಿ ಮಾಡುವ ಇಂಪ್ಲಾಂಟ್, ಮುಖದ ಎಲುಬು ಬೆಳೆದು ಮುಗಿಯುವವರೆಗೆ, ಅಂದರೆ ಹದಿನೆಂಟು ದಾಟುವವರೆಗೆ, ಮಾಡುವಂತಿಲ್ಲ. ಅಷ್ಟರಲ್ಲಿ ಅವನು ಬೆಳೆದಂತೆ ಪ್ಲೇಟನ್ನೂ ಬದಲಿಸುತ್ತಿರಬೇಕು. ಅದಕ್ಕೆ ತಂದೆ ಖರ್ಚು ಮಾಡುವಾಗಲೆಲ್ಲ ನನಗೆ ಮುಖ ತೋರಿಸಲು ಸಂಕೋಚವಾಗುತ್ತದೆ. ಅವರು ಇದುವರೆಗೆ ಒಂದು ಮಾತೂ ಆಡಿಲ್ಲ. ತಜ್ವೀದ್ ಕಲಿಸುವವನಿಗೆ ಇನ್ನೊಂದೂ ಕಾಣುತ್ತದೆ. ನಾಲಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಅಂಚಿಗೆ ತಾಗಿಸಿ ಹೇಳಬೇಕಾದ 'ಸಾ', 'ಝಾಲ್', ಕೆಳತುಟಿಯನ್ನು ಅದೇ ಅಂಚಿಗೆ ತಾಗಿಸಬೇಕಾದ 'ಫಾ'. ಪ್ಲೇಟ್ ಮನೆಯಲ್ಲಿ ಮರೆತು ಬಂದ ದಿನ ಅವನು ಓದುವಾಗ ಈ ಅಕ್ಷರಗಳಲ್ಲಿ ಗಾಳಿ ಸೋರುತ್ತದೆ, ಪಕ್ಕದವರು ನಗುತ್ತಾರೆ, ಅವನು ಓದುವ ಸರದಿ ತಪ್ಪಿಸಿಕೊಳ್ಳಲು ನೋಡುತ್ತಾನೆ.

ವುಝೂ ಮಾಡುವ ಜಾಗಕ್ಕೆ ನಾವು ಈಗ ಜಾರದ ರಬ್ಬರ್ ಮ್ಯಾಟ್ ಹಾಸಿದ್ದೇವೆ. ಮದ್ರಸಾದ ಬೀರುವಿನಲ್ಲಿ ಒಂದು ಡಬ್ಬಿ ಇದೆ: ಗಾಝ್ ಬಟ್ಟೆ, ಔಷಧಿ ಅಂಗಡಿಯ ಸಲೈನ್ ಬಾಟಲಿ, ಮುಚ್ಚಳವಿರುವ ಸಣ್ಣ ಡಬ್ಬ, ಹತ್ತಿರದ ದಂತ ವೈದ್ಯರ ಮತ್ತು ತಾಲೂಕು ಆಸ್ಪತ್ರೆಯ ಫೋನ್ ನಂಬರ್ ಬರೆದ ಚೀಟಿ. ಇಷ್ಟಕ್ಕೆ ಆದದ್ದು ಮುನ್ನೂರು ರೂಪಾಯಿಯೊಳಗೆ. ಹಾಲಿಗೆ ಎದುರಿನ ಹೋಟೆಲಿನವರನ್ನು ಕೇಳಿಕೊಂಡಿದ್ದೇವೆ. ಅವರು ನಮ್ಮವರಲ್ಲ. "ಮಕ್ಕಳಿಗಲ್ಲವಾ ಮಾರಾಯ್ರೆ, ಯಾವ ಹೊತ್ತಿಗೂ ಬನ್ನಿ, ಫ್ರಿಜ್ಜಿನಲ್ಲಿ ಒಂದು ಪ್ಯಾಕೆಟ್ ಇಟ್ಟೇ ಇರ್ತೇನೆ" ಎಂದಿದ್ದಾರೆ.